ಮಗುವಿಗೆ ಮುಂಚಿನ ಮಾತು

ಹೋದ ಮಾಘಮಾಸದ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆತಾಯಿಗಳು ಲಗ್ನಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದರು. ಹುಡುಗಿ ಶಿಡ್ಲಘಟ್ಟದ ಕಡೆಯವಳು. ವರನೂ ನನ್ನ ಕೈಯಲ್ಲಿ ಹಳಗನ್ನಡ ಓದಿದವನೇ; ಕಳವಾರದ ಬೆಟ್ಟದ ತಪ್ಪಲಿನಲ್ಲಿ ಅವರಿಗೆ ದ್ರಾಕ್ಷಿ ತೋಟವಿದೆ. ಅರಿಸಿನ ಕುಂಕುಮ ಹಚ್ಚಿದ ಪತ್ರಿಕೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟಮೇಲೆ ಹುಡುಗಿಯ ತಾಯಿ ಸಂತೋಷದಿಂದ, “ಬೀಗರ ಮನೆಯವರು ಬರುವ ವರ್ಷದ ಯುಗಾದಿಗೆ ತೊಟ್ಟಿಲು ಕಟ್ಟಲೇಬೇಕು ಅಂತಿದ್ದಾರೆ, ನೀವು ಆಶೀರ್ವಾದ ಮಾಡಬೇಕು” ಎಂದರು.

ಆಶೀರ್ವಾದ ಮಾಡಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮೇಷ್ಟರ ಬಾಯಿ ಸುಮ್ಮನಿರುವುದಿಲ್ಲವಷ್ಟೆ. “ಹಾಗಿದ್ದರೆ ಹುಡುಗ ಹುಡುಗಿ ಇಬ್ಬರೂ ಈಗಲೇ ಒಮ್ಮೆ ಡಾಕ್ಟರನ್ನು ಕಂಡು, ರಕ್ತಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು” ಎಂದೆ. ತಾಯಿಯ ಮುಖದ ನಗು ಮಾಯವಾಯಿತು. ತಂದೆ ಎದ್ದು ನಿಂತು, “ನಮ್ಮ ಹುಡುಗಿಗೆ ಏನಾದರೂ ಕಾಯಿಲೆ ಇದೆ ಅಂತ ಯಾರಾದರೂ ಹೇಳಿದರಾ ಮೇಷ್ಟ್ರೇ?” ಎಂದು ಕೇಳಿದರು. ನಾನು ಎಷ್ಟು ಸಮಾಧಾನ ಹೇಳಿದರೂ ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದರು.

ನಾನು ವೈದ್ಯನಲ್ಲ, ಕನ್ನಡ ಪಂಡಿತ. ಆದರೆ ಅಂದು ನಾನು ಆಡಿದ ಮಾತು ಅಪಶಕುನವೂ ಅಲ್ಲ, ಹೊಸಗಾಲದ ಆಡಂಬರವೂ ಅಲ್ಲ. ಅದಕ್ಕೆ ನಮ್ಮಲ್ಲಿ ದೀರ್ಘವಾದ ಚರಿತ್ರೆಯೇ ಇದೆ. ಬಾಗಿಲಲ್ಲಿ ನಿಂತು ಹೇಳಲಾಗದೆ ಉಳಿದ ಆ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಗರ್ಭ ನಿಲ್ಲಲು ನಾಲ್ಕು ಸಾಮಗ್ರಿಗಳು ಕೂಡಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ: ಋತು, ಕ್ಷೇತ್ರ, ಅಂಬು, ಬೀಜ. ಹದ, ಹೊಲ, ನೀರು, ಬಿತ್ತ ಎಂದು ನಮ್ಮ ರೈತರ ಮಾತಿನಲ್ಲಿ ಹೇಳಬಹುದು. ರಾಗಿ ಬಿತ್ತುವವನು ಮಳೆ ಬಿದ್ದಮೇಲೆ ಹೊಲದ ಕಡೆ ಹೊರಡುವುದಿಲ್ಲ. ಮಾಗಿಯ ಉಳುಮೆ ಮಾಡಿ, ಗೊಬ್ಬರ ಹೊಡೆದು, ಹಿಂದಿನ ಕಣದಲ್ಲಿಯೇ ತೆನೆ ಆರಿಸಿ ಬಿತ್ತನೆಗೆ ತೆಗೆದಿರಿಸಿರುತ್ತಾನೆ. ಹನ್ನೊಂದನೆಯ ಶತಮಾನದ ನಮ್ಮ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಬಿತ್ತುವ ಮುನ್ನ ಬೀಜಕ್ಕೆ ಮಾಡಬೇಕಾದ ಉಪಚಾರಗಳನ್ನು ಹೇಳಿದ್ದಾನೆ. ಗಿಡಕ್ಕೆ ಇಷ್ಟು ಪೂರ್ವಸಿದ್ಧತೆ ಬೇಕೆಂದು ತಿಳಿದ ನಾವು ಮಗುವಿನ ವಿಷಯದಲ್ಲಿ ಮಾತ್ರ ‘ದೇವರು ಕೊಟ್ಟಾಗ’ ಎಂದು ಕುಳಿತಿರುತ್ತೇವೆ.

ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯ ಇನ್ನೂ ಸ್ಪಷ್ಟವಾಗಿದೆ. ಒಳ್ಳೆಯ ಸಂತಾನವನ್ನು ಬಯಸುವ ಸ್ತ್ರೀಪುರುಷರಿಬ್ಬರಿಗೂ ಮೊದಲು ದೇಹಶುದ್ಧಿ, ಆಮೇಲೆ ತಕ್ಕ ಆಹಾರ, ಆ ಬಳಿಕವೇ ಸಮಾಗಮ ಎಂದು ಅಲ್ಲಿ ವಿಧಿಸಿದೆ. ಪುರುಷನಿಗೆ ಔಷಧಿ ಬೆರೆಸಿದ ಹಾಲು ತುಪ್ಪ, ಸ್ತ್ರೀಗೆ ಎಣ್ಣೆ ಮತ್ತು ಉದ್ದು. ಅಂದಿನ ವಮನ ವಿರೇಚನಗಳನ್ನು ಇಂದು ಮಾಡಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಅವುಗಳಿಂದ ಫಲವುಂಟೆಂಬುದಕ್ಕೆ ತಕ್ಕ ಪ್ರಮಾಣ ದೊರೆತಿಲ್ಲ. ಅದೇ ಗ್ರಂಥದಲ್ಲಿ ಗಂಡು ಮಗುವೇ ಆಗಲೆಂದು ಹೇಳಿರುವ ಪುಂಸವನದ ಉಪಾಯಗಳೂ ಇವೆ. ಅವುಗಳನ್ನು ಅಲ್ಲಿಯೇ ಬಿಟ್ಟುಬರುವುದು ಮೇಲು. ನಾವು ಹಿಡಿಯಬೇಕಾದುದು ‘ಇಬ್ಬರಿಗೂ’ ಎಂಬ ಒಂದು ಮಾತನ್ನು. ಕಾಲಕ್ರಮದಲ್ಲಿ ನಾವು ಕೈಬಿಟ್ಟದ್ದೂ ಆ ಮಾತನ್ನೇ. ಕ್ಷೇತ್ರವೆಂಬ ಉಪಮಾನವನ್ನು ಗಟ್ಟಿಯಾಗಿ ಹಿಡಿದು, ಫಸಲು ಕೆಟ್ಟರೆ ಹೊಲವನ್ನೇ ಬೈದೆವು. ‘ಬಂಜೆ’ ಎಂಬ ಶಬ್ದ ನಮ್ಮ ಮನೆಗಳಲ್ಲಿ ನಿತ್ಯ ಬಳಕೆಯಲ್ಲಿತ್ತು. ಗಂಡಸಿಗೆ ಹಾಗೆ ಬೈಯಲು ನಮ್ಮ ಹಳ್ಳಿಯ ಮಾತಿನಲ್ಲಿ ಒಂದು ಶಬ್ದವೂ ಇರಲಿಲ್ಲ.

ಸುಶ್ರುತದಲ್ಲಿಯೇ ಇನ್ನೊಂದು ಎಚ್ಚರಿಕೆ ಉಂಟು. ಹದಿನಾರು ತುಂಬದ ಹೆಣ್ಣಿನಲ್ಲಿ, ಇಪ್ಪತ್ತೈದು ತುಂಬದ ಗಂಡಿನಿಂದ ಗರ್ಭ ನಿಂತರೆ ಶಿಶು ಹೊಟ್ಟೆಯಲ್ಲಿಯೇ ಕೆಡುತ್ತದೆ; ಹುಟ್ಟಿದರೂ ಬಹುಕಾಲ ಬಾಳದು, ಬಾಳಿದರೂ ದುರ್ಬಲವಾಗಿರುತ್ತದೆ ಎಂದು. ಈ ಮಾತನ್ನು ಓದಿದಾಗಲೆಲ್ಲ ನನಗೆ ನಮ್ಮ ಅಜ್ಜಿಯ ನೆನಪಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿದ ಆಕೆಗೆ ಹನ್ನೊಂದನೆಯ ವಯಸ್ಸಿನಲ್ಲಿ ಮದುವೆ, ಹದಿನಾಲ್ಕಕ್ಕೆ ಮೊದಲ ಬಾಣಂತನ. ಒಂಬತ್ತು ಹೆತ್ತು ನಾಲ್ಕನ್ನು ಉಳಿಸಿಕೊಂಡಳು. “ಮೈಗೆ ಬಿಡುವೇ ಇರಲಿಲ್ಲ ಕಣಪ್ಪ, ಒಂದು ತೊಟ್ಟಿಲಲ್ಲಿರುವಾಗಲೇ ಇನ್ನೊಂದು ಹೊಟ್ಟೇಲಿ” ಎನ್ನುತ್ತಿದ್ದಳು. ಅಳುತ್ತ ಹೇಳಿದ ಮಾತಲ್ಲ. ಅವರೆಕಾಳು ಸುಲಿಯುತ್ತ, ಕಾಳಿನ ಲೆಕ್ಕ ಹೇಳುವವಳಂತೆ ಹೇಳುತ್ತಿದ್ದಳು.

ಅಜ್ಜಿಯ ಮದುವೆ ಅಂದಿನ ಕಾನೂನಿಗೆ ವಿರುದ್ಧವಾದುದೇನೂ ಆಗಿರಲಿಲ್ಲ. ನಮ್ಮ ಸೀಮೆಯೆಲ್ಲ ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿತ್ತು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ, ಸಂಸ್ಥಾನವು ಶಿಶುವಿವಾಹ ನಿಷೇಧದ ಕಾಯಿದೆಯನ್ನು ಮಾಡಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು. ಇಂದು ಓದಿದರೆ ನಗು ಬರುವಷ್ಟು ಸಣ್ಣ ಸುಧಾರಣೆ. ಅಂದು ಅಷ್ಟಕ್ಕೇ ಬಹಳ ವಿರೋಧವಿತ್ತು. ಬ್ರಿಟಿಷ್ ಇಂಡಿಯದಲ್ಲಿ 1929ರ ಶಾರದಾ ಕಾಯಿದೆ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ಗೊತ್ತುಮಾಡಿತು. ಹದಿನೆಂಟು ಮತ್ತು ಇಪ್ಪತ್ತೊಂದಕ್ಕೆ ಬರಬೇಕಾದರೆ 1978ನೆಯ ಇಸವಿ ಆಯಿತು.

ವಯಸ್ಸಾದ ಮೇಲೆ ಅಂತರದ ಮಾತು. ಇದರಲ್ಲಿ ಮೈಸೂರಿನವರು ಹೆಮ್ಮೆಪಡಬಹುದು. 1930ನೆಯ ಇಸವಿ ಜೂನ್ 11ರಂದು ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ತಾನೇ ಇಂತಹ ಚಿಕಿತ್ಸಾಲಯಗಳನ್ನು ನಡೆಸಲು ಹೊರಟದ್ದು ಪ್ರಪಂಚದಲ್ಲಿಯೇ ಮೊದಲೆಂದು ಹೇಳುತ್ತಾರೆ. ಸ್ವಾತಂತ್ರ್ಯ ಬಂದಮೇಲೆ, 1952ರಿಂದ ಎರಡು ವರ್ಷ, ರಾಮನಗರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ತಿಂಗಳಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಯಾವುವು, ಉಳಿದವು ಯಾವುವು ಎಂದು ಹೆಂಗಸರು ಎಣಿಸಿಕೊಳ್ಳಲೆಂದು ಬಣ್ಣದ ಮಣಿಗಳ ಸರವನ್ನು ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಗರ್ಭವನ್ನು ತಡೆಯುವ ಉಪಾಯವಾಗಿ ಅದು ಹೆಚ್ಚು ಫಲಿಸಲಿಲ್ಲ. ಆದರೂ ಆ ಮಣಿಸರದ ಹಿಂದಿನ ತಿಳಿವಳಿಕೆ ಮಗು ಬೇಕೆನ್ನುವವರಿಗೂ ಬೇಕಾದುದೇ. ಅಂಡ ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ, ಒಟ್ಟು ಆರು ದಿನಗಳು ಮಾತ್ರ ಗರ್ಭಕ್ಕೆ ಅನುಕೂಲವಾದುವು. ಇದು ತಿಳಿಯದೆ ಮೂರನೆಯ ತಿಂಗಳಿಗೇ ಹರಕೆ ಹೊರುವವರನ್ನು ನಾನು ಕಂಡಿದ್ದೇನೆ. ಒಂದು ಹೆರಿಗೆಯಾದಮೇಲೆ ಇನ್ನೊಂದು ಗರ್ಭಕ್ಕೆ ಕಡಿಮೆಯೆಂದರೆ ಎರಡು ವರ್ಷ ಬಿಡುವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಜ್ಜಿ ಕೇಳಿದ್ದು ಅಷ್ಟನ್ನೇ.

ಈಗ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಮೈಸೂರು ನಗರದಲ್ಲಿ ಮೆಥಡಿಸ್ಟ್ ಮಿಷನ್ನಿನವರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿಯ ಹೆರಿಗೆ ಕೋಣೆಯಲ್ಲಿ 1934ರಿಂದ ಹುಟ್ಟಿದ ಒಂದೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಪ್ಪ ದಪ್ಪ ರಿಜಿಸ್ಟರುಗಳಲ್ಲಿ ಬರೆದಿಡುವ ಪದ್ಧತಿ ಇತ್ತು. ಬರೆದವರು ಅದರಿಂದ ಮುಂದೆ ಏನಾಗುವುದೆಂದು ಊಹಿಸಿರಲಾರರು. ಶಾಸನ ಕೊರೆದ ರೂವಾರಿಗೆ ಎಂಟುನೂರು ವರ್ಷದ ಮೇಲೆ ಯಾರು ಓದುತ್ತಾರೆಂದು ಗೊತ್ತಿತ್ತೆ? ದಿನದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು, ಅಷ್ಟೆ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನಲ್ಲಿ ಇಂತಹುದೇ ಹಳೆಯ ಸೂಲಗಿತ್ತಿಯರ ದಾಖಲೆಗಳನ್ನು ಹುಡುಕಿ ತೆಗೆದ ಡೇವಿಡ್ ಬಾರ್ಕರ್ ಎಂಬ ವೈದ್ಯರು, ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ದೊಡ್ಡವರಾದಮೇಲೆ ಹೃದಯದ ರೋಗ ಹೆಚ್ಚೆಂದು ತೋರಿಸಿದ್ದರು. ಅವರ ಬಳಗದ ಕೆರೊಲಿನ್ ಫಾಲ್ ಎಂಬಾಕೆ ಮೈಸೂರಿನ ರಿಜಿಸ್ಟರುಗಳನ್ನು ಹಿಡಿದು, ಅಲ್ಲಿ 1934ರಿಂದ 1954ರ ವರೆಗೆ ಹುಟ್ಟಿ ಇನ್ನೂ ಊರಿನಲ್ಲಿಯೇ ಇದ್ದವರನ್ನು ಹುಡುಕಿಸಿದರು. ಸಿಕ್ಕ 517 ಮಂದಿಯನ್ನು ಪರೀಕ್ಷಿಸಿದ ಫಲ 1996ರಲ್ಲಿ ಪ್ರಕಟವಾಯಿತು. ನಲವತ್ತೈದು ದಾಟಿದವರಲ್ಲಿ, ಹುಟ್ಟುವಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೊ, ಅಥವಾ ಅದಕ್ಕೂ ಕಡಿಮೆ ಇದ್ದವರ ಪೈಕಿ ನೂರಕ್ಕೆ 11 ಜನರಿಗೆ ಹೃದ್ರೋಗ. ಏಳು ಪೌಂಡಿಗೆ ಮೇಲ್ಪಟ್ಟಿದ್ದವರಲ್ಲಿ ನೂರಕ್ಕೆ 3. ಎಂದೋ ತಾಯಿಯ ಹೊಟ್ಟೆಯಲ್ಲಿ ಸಾಲದೆ ಹೋದ ಅನ್ನದ ಲೆಕ್ಕ ಐವತ್ತು ವರ್ಷದ ಮೇಲೆ ಎದೆಯಲ್ಲಿ ಕಾಣಿಸಿತ್ತು. ಹಾಗೆಂದು ಮಗು ದಪ್ಪವಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಅದೇ ಮೈಸೂರಿನ ದಾಖಲೆಗಳ ಪ್ರಕಾರ ಗಿಡ್ಡವಾಗಿ ದಪ್ಪಗೆ ಹುಟ್ಟಿದ ಮಕ್ಕಳಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಬಂದಿತ್ತು. ತಾಯಿಯ ರಕ್ತದಲ್ಲಿಯೇ ಸಕ್ಕರೆ ಮಿಕ್ಕಿದ್ದುದು ಇದಕ್ಕೆ ಕಾರಣವಿರಬೇಕೆಂದು ವೈದ್ಯರು ಊಹಿಸಿದರು.

ಗರ್ಭಿಣಿಯಾದ ಮೇಲೆ ಚೆನ್ನಾಗಿ ಉಣಿಸಿದರೆ ಸಾಲದೆ ಎಂದು ಕೇಳಬಹುದು. ಇದನ್ನೇ ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ 2006ರಿಂದ ಪರೀಕ್ಷಿಸಿ ನೋಡಿದರು. ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ಮಗು ಬಯಸುವ ಹೆಂಗಸರಿಗೆ ಗರ್ಭ ನಿಲ್ಲುವ ಮೊದಲಿನಿಂದಲೇ ದಿನವೂ ಕೊಟ್ಟರು. ಇನ್ನೊಂದು ಗುಂಪಿಗೆ ಆಲೂಗೆಡ್ಡೆ, ಈರುಳ್ಳಿಯಂತಹವುಗಳ ತಿಂಡಿ. ಒಟ್ಟಿನಲ್ಲಿ ನೋಡಿದರೆ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಗರ್ಭಕ್ಕೆ ಮೂರು ತಿಂಗಳ ಮೊದಲೇ ತಿನ್ನಲು ಆರಂಭಿಸಿದವರನ್ನಷ್ಟೆ ಎಣಿಸಿದಾಗ ಮಗುವಿನ ತೂಕ ಸುಮಾರು 48 ಗ್ರಾಂ ಹೆಚ್ಚು, ಒಂದು ಕೋಳಿಮೊಟ್ಟೆಯಷ್ಟು. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆಯಂತೂ ನೂರಕ್ಕೆ 12ರಿಂದ 7ಕ್ಕೆ ಇಳಿಯಿತು. ಆದರೆ ತೀರ ಬಡಕಲಾದ ತಾಯಂದಿರ ಮಕ್ಕಳಿಗೆ ತೂಕದ ಲಾಭ ದೊರೆಯಲಿಲ್ಲ. ಹದಿನೈದಿಪ್ಪತ್ತು ವರ್ಷದ ಕೊರತೆಯನ್ನು ಮೂರು ತಿಂಗಳ ತಿಂಡಿ ತುಂಬಲಾರದು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಎಂಟನೆಯ ತರಗತಿಯಲ್ಲಿ ಕುಳಿತು ಪದ್ಯ ಬಾಯಿಪಾಠ ಒಪ್ಪಿಸುತ್ತಿರುವ ಹುಡುಗಿ, ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಉಂಡಮೇಲೆ ತಳದ ಸಾರಿಗೆ ಕೂರುವವಳು, ಆಗಲೇ ಈ ಚರಿತ್ರೆಯೊಳಗೆ ಇದ್ದಾಳೆ. ವಾರಕ್ಕೊಮ್ಮೆ ಶಾಲೆಯಲ್ಲಿ ಕಬ್ಬಿಣದ ನೀಲಿ ಮಾತ್ರೆ ಹಂಚುವ ಕೆಲಸ ನಮ್ಮದು. ಅರ್ಧ ಮಾತ್ರೆಗಳು ಕಿಟಕಿಯಾಚೆ ಬೀಳುತ್ತವೆಂಬುದು ನನಗೆ ಗೊತ್ತು. ಊಟವಾದಮೇಲೆ ಎದುರಿಗೆ ನಿಂತು ನುಂಗಿಸಿದರೆ ಮಾತ್ರ ಒಳಗೆ ಹೋಗುತ್ತದೆ. ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆಯಿದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು.

ರಕ್ತಹೀನತೆಯ ಮಾತು ಬಂದಾಗ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯನ್ನು ನೆನೆಯಬೇಕು. 1928ರಲ್ಲಿ ಮುಂಬಯಿಗೆ ಬಂದ ಆಕೆ ಬಟ್ಟೆ ಗಿರಣಿಯ ಬಡ ಬಸುರಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆಗೆ ಮದ್ದು ಹುಡುಕುತ್ತ, ಈಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ವಸ್ತುವೊಂದಿದೆಯೆಂದು ಕಂಡುಕೊಂಡಳು. ಅದೇ ವಸ್ತುವನ್ನು 1941ರಲ್ಲಿ ಅಮೆರಿಕದವರು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಐವತ್ತು ವರ್ಷಗಳ ಮೇಲೆ, 1991ರಲ್ಲಿ, ಇದರ ಇನ್ನೊಂದು ಮಹಿಮೆ ಸಿದ್ಧವಾಯಿತು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಮಗುವನ್ನು ಒಮ್ಮೆ ಹೆತ್ತ ತಾಯಂದಿರು ಮುಂದಿನ ಗರ್ಭಕ್ಕೆ ಮೊದಲೇ ಈ ಮಾತ್ರೆಯನ್ನು ತೆಗೆದುಕೊಂಡಾಗ, ಆ ದೋಷ ಮರುಕಳಿಸುವುದು ನೂರಕ್ಕೆ 72 ಪಾಲು ಕಡಿಮೆಯಾಯಿತು. ‘ಮೊದಲೇ’ ಎಂಬುದನ್ನು ಗಮನಿಸಬೇಕು. ಗರ್ಭ ನಿಂತ ಇಪ್ಪತ್ತೆಂಟು ದಿನದೊಳಗೆ ಬೆನ್ನುಹುರಿಯ ನಾಳ ಮುಚ್ಚಿ ಮುಗಿದಿರುತ್ತದೆ. ಮುಟ್ಟು ತಪ್ಪಿ, ಅನುಮಾನ ಬಂದು, ಅತ್ತೆಗೆ ಹೇಳಿ, ಒಳ್ಳೆಯ ದಿನ ನೋಡಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆಗಬೇಕಾದುದು ಆಗಿಹೋಗಿರುತ್ತದೆ. ಆದ್ದರಿಂದ ಮಗು ಬೇಕೆಂದು ನಿಶ್ಚಯಿಸಿದವರು ಒಂದರಿಂದ ಮೂರು ತಿಂಗಳ ಮುಂಚಿನಿಂದ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲವನ್ನು ತೆಗೆದುಕೊಳ್ಳಬೇಕೆಂದು ವೈದ್ಯರ ಮತ. ಸಕ್ಕರೆ ಕಾಯಿಲೆಯೋ ಮೂರ್ಛೆರೋಗವೋ ಇರುವವರಿಗೆ ಪ್ರಮಾಣ ಬೇರೆ. ಅದನ್ನು ವೈದ್ಯರೇ ಹೇಳಬೇಕು. ಮೂರ್ಛೆರೋಗದ ಕೆಲವು ಮಾತ್ರೆಗಳನ್ನು ಗರ್ಭಕ್ಕೆ ಮುಂಚೆಯೇ ಬದಲಾಯಿಸಬೇಕಾಗುತ್ತದೆ, ಆದರೆ ತಾವಾಗಿಯೇ ನಿಲ್ಲಿಸಿಬಿಡುವುದು ಅಪಾಯ.

ನಮ್ಮ ಕಡೆಯ ಬೆರಕೆಸೊಪ್ಪು ಮುದ್ದೆಯ ಊಟದಲ್ಲಿ ಈ ವಸ್ತು ಇಲ್ಲದಿಲ್ಲ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವ ಮನೆಯಲ್ಲಿ ಅದರ ಬಹುಪಾಲು ಬಚ್ಚಲಿಗೆ ಹೋಗುತ್ತದೆ. ಬಸಿದ ನೀರನ್ನೇ ಸಾರು ಮಾಡುವ ನಮ್ಮ ಬಸ್ಸಾರಿನಲ್ಲಿ ಒಂದಷ್ಟು ಉಳಿಯುತ್ತದೆ. ಆದರೂ ಸೊಪ್ಪನ್ನು ನಂಬಿ ಮಾತ್ರೆ ಬಿಡುವುದು ಸಲ್ಲ. ಸೊಪ್ಪಿನಲ್ಲಿ ಇಲ್ಲವೇ ಇಲ್ಲದ ಬಿ12 ಎಂಬ ಜೀವಸತ್ತ್ವವೂ ಬೇಕು. ಅದು ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿ ಮಾತ್ರ ಉಂಟು.

ಇನ್ನೊಂದು ಕಥೆ ಆಸ್ಟ್ರೇಲಿಯದ್ದು. 1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಹುಟ್ಟುತ್ತಲೇ ಪೊರೆ ಬಂದ ಕಣ್ಣುಗಳ ಕೂಸುಗಳು ಒಂದರಮೇಲೊಂದು ಬರುವುದನ್ನು ಕಂಡು ವಿಚಾರಿಸಿದರೆ, ತಾಯಂದಿರಿಗೆಲ್ಲ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲ ಎಂಬ, ನೋಡಲು ಅತಿ ಸೌಮ್ಯವಾದ ಗಂದೆಯ ಜ್ವರ ಬಂದಿತ್ತು. ಅದಕ್ಕೆ ಈಗ ಲಸಿಕೆಯಿದೆ. 2017ರಲ್ಲಿ ದಡಾರ–ರುಬೆಲ್ಲ ಲಸಿಕೆಯ ದೊಡ್ಡ ಅಭಿಯಾನ ದೇಶದಲ್ಲಿ ಮೊದಲು ನಡೆದ ರಾಜ್ಯಗಳಲ್ಲಿ ನಮ್ಮದೂ ಒಂದು. ಅದಕ್ಕೆ ಮುಂಚೆ ಶಾಲೆ ಬಿಟ್ಟಿದ್ದವರು ಲಸಿಕೆಯಾಗಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ಕೂಡದು. ಬಸುರಿನಲ್ಲಿ ಈ ಲಸಿಕೆ ಹಾಕುವುದೇ ಇಲ್ಲವಾದ್ದರಿಂದ ಇದೂ ‘ಮುಂಚಿನ’ ಕೆಲಸವೇ.

ಇಷ್ಟು ಹೊತ್ತೂ ಹೆಣ್ಣಿನ ಮಾತೇ ಆಯಿತು. ಚರಕನು ಹೇಳಿದ ‘ಇಬ್ಬರಿಗೂ’ ಎಲ್ಲಿ ಹೋಯಿತು? 1977ರಲ್ಲಿ ಕ್ಯಾಲಿಫೋರ್ನಿಯದ ಲೇತ್ರಪ್ ಎಂಬಲ್ಲಿ, ಬೇರಿಗೆ ಹತ್ತುವ ಜಂತುಹುಳುಗಳಿಗೆ ಹಾಕುವ ಡಿಬಿಸಿಪಿ ಎಂಬ ವಿಷವನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು, ತಮ್ಮಲ್ಲಿ ಯಾರಿಗೂ ಈಚೆಗೆ ಮಕ್ಕಳಾಗಿಲ್ಲವೆಂಬುದನ್ನು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತ ಕಂಡುಕೊಂಡರು. ಪರೀಕ್ಷೆ ಮಾಡಿಸಿದರೆ ಹಲವರಲ್ಲಿ ವೀರ್ಯಾಣುಗಳು ತೀರ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಅಷ್ಟು ದಿನ ಅವರ ಹೆಂಡಿರು ಎಷ್ಟು ಮಾತು ಕೇಳಿದ್ದರೋ! ಎಲ್ಲ ಔಷಧಿಯೂ ಅಷ್ಟು ಕ್ರೂರವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ, ಚಿಂತಾಮಣಿಯ ಟೊಮೇಟೊ ಹೊಲಗಳಲ್ಲಿ ಬರಿಮೈಯಲ್ಲಿ ಪಂಪು ಹೊತ್ತು ಔಷಧಿ ಹೊಡೆದು, ಕೈ ತೊಳೆಯದೆಯೇ ಬೀಡಿ ಹಚ್ಚುವ ಯುವಕರನ್ನು ಕಂಡಾಗ ಆ ಕಾರ್ಖಾನೆ ನೆನಪಾಗುತ್ತದೆ. ಒಂದು ವೀರ್ಯಾಣು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಬೀಡಿ, ಹೆಂಡ, ವಿಷದ ಮಂಜು, ಇವುಗಳನ್ನು ಗಂಡಸು ಬಿಡಬೇಕಾದುದು ಮಗು ಹೊಟ್ಟೆಯಲ್ಲಿರುವಾಗಲ್ಲ, ಅದಕ್ಕೂ ಮೂರು ತಿಂಗಳ ಮೊದಲು.

ನಂಟಸ್ತಿಕೆಯ ಮಾತು ಹೇಳದಿದ್ದರೆ ನಮ್ಮ ಸೀಮೆಯ ಚರಿತ್ರೆ ಪೂರ್ಣವಾಗುವುದಿಲ್ಲ. ಸೋದರಮಾವನಿಗೆ ಅಕ್ಕನ ಮಗಳು ಎಂಬ ವಾಡಿಕೆ ನಮ್ಮಲ್ಲಿ ಮನೆಮನೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಕರ್ನಾಟಕದಲ್ಲಿ ನಡೆಸಿದ ಅಧ್ಯಯನದಲ್ಲಿ ಮೂರರಲ್ಲಿ ಸುಮಾರು ಒಂದು ಮದುವೆ ರಕ್ತಸಂಬಂಧದೊಳಗಿನದಾಗಿತ್ತು. ನಮ್ಮ ಮನೆಯಲ್ಲಿಯೂ ಅಂತಹ ಮದುವೆಗಳಿವೆ, ಆ ಮಕ್ಕಳಲ್ಲಿ ಬಹುಮಂದಿ ಆರೋಗ್ಯವಾಗಿಯೂ ಇದ್ದಾರೆ. ಇಬ್ಬರ ರಕ್ತದಲ್ಲಿಯೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡಿಬರುವ ಸಂಭವ ಅಂತಹ ಮದುವೆಯಲ್ಲಿ ಹೆಚ್ಚು, ಅಷ್ಟೆ. ಮನೆತನದಲ್ಲಿ ಕಿವುಡು, ಬುದ್ಧಿಮಾಂದ್ಯ, ಎಳೆಯ ಮಕ್ಕಳ ಸಾವು ಕಂಡಿದ್ದರೆ ಅದನ್ನು ಮುಚ್ಚಿಡದೆ ವೈದ್ಯರ ಮುಂದೆ ಹೇಳುವುದೇ ಪರಿಹಾರದ ಮೊದಲ ಹೆಜ್ಜೆ. ನೀರೂ ಅಷ್ಟೇ. ಸಾವಿರ ಅಡಿಗೂ ಕೆಳಗಿನ ಕೊಳವೆ ಬಾವಿಯ ನೀರಿನಲ್ಲಿ ನಮ್ಮಲ್ಲಿ ಹಲವು ಕಡೆ ಫ್ಲೋರೈಡ್ ಮಿತಿಮೀರಿದೆ; ಹಲ್ಲಿನ ಕಂದುಗೆರೆ ನೋಡಿದರೆ ಊರು ತಿಳಿಯುತ್ತದೆ. ಫ್ಲೋರೈಡ್ ತಪ್ಪಿಸಿದ ಬಸುರಿಯರಲ್ಲಿ ರಕ್ತಹೀನತೆ ಇಳಿಯಿತೆಂದು ದೆಹಲಿಯ ಎ. ಕೆ. ಸುಶೀಲಾ ಅವರ ತಂಡ 2010ರಲ್ಲಿ ವರದಿ ಮಾಡಿತು. ಅಂಬು ಎಂದು ಸುಶ್ರುತ ಹೇಳಿದ್ದು ಈ ಅರ್ಥದಲ್ಲಲ್ಲ, ಆದರೂ ಕುಡಿಯುವ ನೀರು ಎಲ್ಲಿಂದ ಬರುತ್ತದೆಂದು ಹೊಸ ಸೊಸೆ ಕೇಳಿದರೆ ತಪ್ಪಿಲ್ಲ.

ಪತ್ರಿಕೆ ಕೊಟ್ಟುಹೋದ ನಾಲ್ಕನೆಯ ದಿನ ಸಂಜೆ ವರ ಒಬ್ಬನೇ ಬಂದ. ಮನೆಯವರ ಮಾತು ಅವನ ಕಿವಿಗೆ ಬಿದ್ದಿತ್ತು. “ಸಾರ್, ನಾನೇನು ಮಾಡಬೇಕು ಹೇಳಿ” ಎಂದ. ಅವನು ತೋಟದಲ್ಲಿ ಔಷಧಿ ಹೊಡೆಯುವವನೇ. ನನಗೆ ತಿಳಿದಷ್ಟು ಹೇಳಿ, ರಕ್ತ, ಸಕ್ಕರೆ, ರಕ್ತದೊತ್ತಡ, ಥೈರಾಯಿಡು, ಲೈಂಗಿಕ ರೋಗಗಳ ಪರೀಕ್ಷೆ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟು, ವೈದ್ಯರನ್ನು ಕೇಳೆಂದು ಕಳಿಸಿದೆ.

ಮದುವೆಯ ಮರುವಾರ ದಂಪತಿಗಳು ಊಟಕ್ಕೆ ಬಂದಿದ್ದರು. ಹುಡುಗಿಯ ಕೈಚೀಲದಲ್ಲಿ ಮಾತ್ರೆಯ ಹಾಳೆಯಿತ್ತು. ಅವನು ನಗುತ್ತ ತನ್ನ ಕಥೆ ಹೇಳಿದ. ಆಸ್ಪತ್ರೆಯೊಂದರಲ್ಲಿ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಾಗ ಅಲ್ಲಿದ್ದಾಕೆ, “ಎಷ್ಟು ತಿಂಗಳು?” ಎಂದು ಕೇಳಿದರಂತೆ. “ಇನ್ನೂ ಮದುವೆಯೇ ಆಗಿಲ್ಲ ಮೇಡಂ” ಎಂದನಂತೆ ಇವನು. ಆಕೆ ತಾಯಿ ಕಾರ್ಡಿನ ಪುಟ ತಿರುಗಿಸಿ ತೋರಿಸಿ, ಇದು ಶುರುವಾಗುವುದೇ ಕಡೆಯ ಮುಟ್ಟಿನ ತಾರೀಖಿನಿಂದ, ಅದಕ್ಕೆ ಮುಂಚಿನದನ್ನು ಬರೆಯಲು ಇದರಲ್ಲಿ ಜಾಗವಿಲ್ಲ, ಗಂಡನಿಗಂತೂ ಇಲ್ಲ ಎಂದರಂತೆ. ಆಮೇಲೆ ಏನನ್ನಿಸಿತೋ, ಹೊರರೋಗಿಗಳ ಸಾಮಾನ್ಯ ಚೀಟಿಯೊಂದನ್ನು ಹರಿದು, ಕಾಯಿಲೆ ಎಂಬ ಕಡೆ ಗೆರೆ ಎಳೆದು, ಇವನ ಹೆಸರು ಬರೆದು ರಕ್ತ ತೆಗೆಯುವ ಕೋಣೆಗೆ ಕಳಿಸಿದರಂತೆ.